ಗಿರಣಿ ಬಾಗಿಲಿನ ವೆನಿಲಾ

ನಮ್ಮ ಊರಿನಲ್ಲಿ ವಾಸನೆ ಹುಟ್ಟಿದ ಜಾಗದಲ್ಲೇ ನಿಲ್ಲುತ್ತದೆ. ಗಾಳಿ ಬೀಸುತ್ತದೆ, ಧೂಳು ಏಳುತ್ತದೆ, ಒಣಹಾಕಿದ ಪಂಚೆ ಹಾರಿ ಪಕ್ಕದ ಮನೆಯ ಮಾಳಿಗೆಗೆ ಬೀಳುತ್ತದೆ. ವಾಸನೆ ಮಾತ್ರ ಕದಲುವುದಿಲ್ಲ. ಅದನ್ನು ಕಂಬಳಿಯಲ್ಲಿ ಹಿಡಿದು ಹೊತ್ತುಕೊಂಡು ಹೋಗಬೇಕು. ಹತ್ತಿಬಟ್ಟೆಗೆ, ಗೋಣಿಗೆ, ಪ್ಲಾಸ್ಟಿಕ್ಕಿಗೆ ಅದು ಬರುವುದಿಲ್ಲ. ಕುರಿಯ ಉಣ್ಣೆಗೆ ಮಾತ್ರ ಬರುತ್ತದೆ. ಊರ ಪಕ್ಕದ ಗುಡ್ಡ ಹತ್ತಿ, ಗಡಿಕಲ್ಲು ದಾಟಿ ಕಂಬಳಿ ಕೊಡವಿದರೆ, ಬೇರೆ ಊರುಗಳಲ್ಲಿ ಹೋಗುವ ಹಾಗೆ ಅದೂ ಗಾಳಿಯಲ್ಲಿ ಹೋಗಿಬಿಡುತ್ತದೆ.

ಇದರಿಂದ ನಮಗೆ ತೊಂದರೆಗಿಂತ ಅನುಕೂಲವೇ ಹೆಚ್ಚು. ದಾರಿ ಕೇಳಿದವರಿಗೆ "ಇಂಗಿನ ವಾಸನೆ ಬಂದ ಕೂಡ್ಲೆ ಎಡಕ್ಕೆ ತಿರುಗ್ರಿ" ಎಂದರೆ ಸಾಕು. ಗಂಡನ ಮನೆಗೆ ಹೊರಟ ಹುಡುಗಿಗೆ ತಾಯಿ ತನ್ನ ಅಡುಗೆಮನೆಯ ವಾಸನೆಯನ್ನು ಒಂದು ತುಂಡು ಕಂಬಳಿಯಲ್ಲಿ ಸುತ್ತಿ ಕೊಡುತ್ತಾಳೆ. ಅಣ್ಣತಮ್ಮಂದಿರು ಪಾಲಾಗುವಾಗ, ಅಜ್ಜಿ ಕಡಲೆಬೀಜ ಹುರಿಯುತ್ತಿದ್ದ ಮೂಲೆ ಯಾರಿಗೆ ಸೇರಬೇಕು ಎಂದು ಮಾತಿಗೆ ಮಾತು ಬೆಳೆಯುತ್ತದೆ. ಬೇರೆ ಕಡೆ ಹೊಲಕ್ಕೆ ಆಗುವ ಜಗಳ ನಮ್ಮಲ್ಲಿ ಅದಕ್ಕೆ ಆಗುತ್ತದೆ, ಅಷ್ಟೇ.

ಊರಿನ ಕಟ್ಟಳೆ ಚಿಕ್ಕದು. ಕೆಟ್ಟ ವಾಸನೆ ಹುಟ್ಟಿಸಿದವರು ಅದನ್ನು ಅದೇ ದಿನ ಗುಡ್ಡ ದಾಟಿಸಬೇಕು. ಒಳ್ಳೆಯ ವಾಸನೆ ಹುಟ್ಟಿಸಿದವರ ಸ್ವತ್ತು. ಅವರು ಕೊಡದೆ ಬೇರೆಯವರು ಕಂಬಳಿ ಹಿಡಿದರೆ ಕಳವು. ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ತಕರಾರು ಬಂದರೆ ಸಂತೆಪೇಟೆಯ ತಗಡಿನ ಚಪ್ಪರದಡಿ ಪಂಚಾಯಿತಿ ಸೇರಿ ತೀರ್ಮಾನಿಸುತ್ತದೆ. ಒಣಮೀನಿನ ತಕರಾರು ನನ್ನ ಅತ್ತೆ ಮದುವೆಯಾಗಿ ಬರುವ ಮೊದಲೇ ಶುರುವಾಗಿದ್ದು, ಇನ್ನೂ ಮುಗಿದಿಲ್ಲ.

ನನ್ನ ಹೆಸರು ಕೊಟ್ರಮ್ಮ. ಕಾಗದದ ತಿರುಳು ತಯಾರಿಸುವ ಗಿರಣಿಯ ಹಿಂಬಾಗಿಲ ಎದುರು ನನ್ನ ಖಾನಾವಳಿ ಇದೆ. ಜೋಳದ ರೊಟ್ಟಿ, ಕಾಳುಪಲ್ಯ, ಅನ್ನ, ಸಾರು, ಬೆಳ್ಳುಳ್ಳಿ ಖಾರ. ಪಾಳಿ ಬಿಟ್ಟವರು, ಮರದ ಲಾರಿಯವರು, ಗೇಟಿನ ಕಾವಲಿನವರು ನನ್ನ ಗಿರಾಕಿಗಳು. ಊಟದ ಬಿಡುವು ಚಿಕ್ಕದು, ಹಾಗಾಗಿ ಬಾಗಿಲಿಗೆ ಹತ್ತಿರವಿದ್ದವರಿಗೇ ವ್ಯಾಪಾರ. ಆ ಜಾಗ ಬಿಟ್ಟು ಬೇರೆಲ್ಲಿ ಒಲೆ ಹೂಡಿದರೂ ನನ್ನ ಕತೆ ಮುಗಿದ ಹಾಗೆ.

ಗಿರಣಿಯಲ್ಲಿ ಪೈನ್ ಮರದ ಚಕ್ಕೆಗಳನ್ನು ಕಾಸ್ಟಿಕ್ ಸೋಡಾ ಮತ್ತು ಗಂಧಕದ ಉಪ್ಪು ಹಾಕಿ ಬೇಯಿಸುತ್ತಾರೆ. ಮರದ ನಾರು ಬಿಳಿ ತಿರುಳಾಗಿ ಒಂದು ಕಡೆಯಿಂದ ಹೊರಬರುತ್ತದೆ. ಇನ್ನೊಂದು ಕಡೆಯಿಂದ ಡಾಂಬರಿನಂಥ ಕಪ್ಪು ರಸ ಬರುತ್ತದೆ. ಆ ರಸವನ್ನು ಬಾಯ್ಲರಿನಲ್ಲಿ ಉರಿಸಿ ಸೋಡಾವನ್ನು ವಾಪಸು ಪಡೆಯುವುದು ಕ್ರಮ. ಆದರೆ ನಮ್ಮ ಗಿರಣಿಯ ಬಾಯ್ಲರು ಹಳೆಯದು, ಚಿಕ್ಕದು. ಅದು ನುಂಗಲಾರದ್ದೆಲ್ಲ ಹಿಂದಿನ ಕುಂಟೆಗೆ ಹೋಗುತ್ತಿತ್ತು. ಬೇಯಿಸುವಾಗ ಏಳುವ ವಾಸನೆ ಕೊಳೆತ ಎಲೆಕೋಸಿನದು. ಅದು ಹಿಂಬಾಗಿಲಿನಲ್ಲಿ ಗೋಡೆಯ ಹಾಗೆ ನಿಲ್ಲುತ್ತಿತ್ತು. ಆ ಗೋಡೆಯನ್ನು ಪ್ರತಿ ಪಾಳಿಗೂ ಕಿತ್ತು ಹೊತ್ತು ಗುಡ್ಡ ದಾಟಿಸಲು ಗಿರಣಿ ಒಂದು ತಂಡವನ್ನು ಇಟ್ಟಿತ್ತು. ತಂಡದ ಮುಂದಾಳು ಮೈಲಾರಿ. ಎತ್ತರದ ಆಳು, ದೊಡ್ಡ ಮೀಸೆ, ಹೆಗಲ ಮೇಲೆ ಸದಾ ಕರಿಕಂಬಳಿ. ಅವನ ಕೆಲಸ ಶುದ್ಧವಿತ್ತು. ಅವನ ತಂಡ ಹೋದ ಮೇಲೆ ನನ್ನ ಸಾರಿಗೆ ಸಾರಿನ ವಾಸನೆಯಷ್ಟೇ ಇರುತ್ತಿತ್ತು.

ಹೀಗಿರುವಾಗ ಗಿರಣಿಗೆ ಸೆವರಿನ್ ಮೇಡಂ ಬಂದರು. ಸಮುದ್ರದ ಕಡೆಯವರು, ರಸಾಯನಶಾಸ್ತ್ರ ಓದಿದವರು. ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದುದರಿಂದ ಎರಡು ಹೊತ್ತೂ ನನ್ನಲ್ಲೇ ಊಟ. ಮೊದಲ ದಿನವೇ ರೊಟ್ಟಿ ಮುರಿಯುತ್ತಾ ಕೇಳಿದರು.

"ಆ ಕುಂಟೆಯಲ್ಲಿ ಇರುವುದು ಎಂತ ಅಂತ ಗೊತ್ತುಂಟಾ ಕೊಟ್ರಮ್ಮ?"

"ಹೊಲಸು, ಇನ್ನೇನು."

"ಹೊಲಸಲ್ಲ ಮಾರಾಯ್ರೆ. ಮರದಲ್ಲಿ ನಾರು ಉಂಟಲ್ಲ, ಅದನ್ನು ಒಂದಕ್ಕೊಂದು ಅಂಟಿಸಿಡುವ ಗೋಂದು ಒಂದು ಉಂಟು. ಲಿಗ್ನಿನ್ ಅಂತ. ನೀವು ನಾರು ಇಟ್ಟುಕೊಂಡು ಗೋಂದನ್ನು ಕುಂಟೆಗೆ ಚೆಲ್ತೀರಿ."

"ನಾವಲ್ಲ ಮೇಡಂ, ಗಿರಣಿಯೋರು."

"ಆಯ್ತು, ಗಿರಣಿಯವರು. ಆ ಗೋಂದಿನಿಂದ ಎಂತೆಂಥದ್ದು ಮಾಡ್ಬಹುದು ಗೊತ್ತುಂಟಾ? ಐಸ್‌ಕ್ರೀಮಿಗೆ ಹಾಕುವ ವೆನಿಲಾ ಮಾಡ್ಬಹುದು."

ಪಕ್ಕದ ಬೆಂಚಿನಲ್ಲಿದ್ದ ಲಾರಿ ಡ್ರೈವರ್ ಖಾಸಿಂ ಸಾಬ ಸಾರು ಕುಡಿಯುತ್ತಿದ್ದವನು ನೆತ್ತಿಗೇರಿಸಿಕೊಂಡ. "ಕುಂಟೆ ನೀರಾಗೆ ಐಸ್‌ಕ್ರೀಮಾ? ಮೇಡಂ, ನಾನು ಇನ್ನು ಮ್ಯಾಲೆ ಬರೇ ಚಾ ಕುಡಿತೀನಿ ಬಿಡ್ರಿ."

ಅವರು ಹೇಳಿದ್ದನ್ನು ಮಾಡಿಯೇ ತೋರಿಸಿದರು. ಮೊದಲು ಬೇಯಿಸುವ ಹಂಡೆಗಳ ಬಾಯಿಗೆ ಕೊಳವೆ ಕೂರಿಸಿ ಎಲೆಕೋಸಿನ ಅನಿಲವನ್ನು ಹಿಡಿದರು. ಅದನ್ನು ಬೇರೆ ಯಂತ್ರಕ್ಕೆ ಕಳುಹಿಸಿ, ಔಷಧ ಕಂಪನಿಗಳು ಕೊಳ್ಳುವ ಒಂದು ದ್ರಾವಕ ಮಾಡಿದರು. ದ್ರಾವಕಕ್ಕೆ ಅಂಥ ವಾಸನೆಯೇ ಇರಲಿಲ್ಲ. ಆಮೇಲೆ ಕಪ್ಪು ರಸಕ್ಕೆ ಬಾಯ್ಲರಿನ ಹೊಗೆಯಿಂದ ತೆಗೆದ ಇಂಗಾಲದ ಅನಿಲವನ್ನು ಹಾಯಿಸಿ ಲಿಗ್ನಿನ್ನನ್ನು ಕಂದು ಹಿಟ್ಟಿನ ಹಾಗೆ ಕೆಳಗಿಳಿಸಿದರು. ರಸ ಹಗುರಾಯಿತು, ಹಳೆಯ ಬಾಯ್ಲರಿಗೂ ಉಸಿರು ಬಂತು. ಕೊನೆಗೆ ಆ ಕಂದು ಹಿಟ್ಟನ್ನು ಕ್ಷಾರದ ನೀರಿನಲ್ಲಿ ಕಲಸಿ, ಬಿಸಿಮಾಡಿ, ಗಾಳಿ ಊದಿದರು. ಹಿಂಬಾಗಿಲ ಪಕ್ಕದ ಹೊಸ ಗೋಪುರದಿಂದ ಒಂದು ಮಂಗಳವಾರ ಬೆಳಿಗ್ಗೆ ವೆನಿಲಾ ಬಂತು. ಉಪ್ಪಿನಷ್ಟು ಬಿಳುಪಲ್ಲದ, ಸೂಜಿಯಂಥ ಹರಳುಗಳು.

ಎಲೆಕೋಸಿನ ಗೋಡೆ ಇಲ್ಲವಾಯಿತು. ಅದರ ಜಾಗದಲ್ಲಿ ವೆನಿಲಾ ನಿಂತಿತು. ಊರಿಗೆ ಊರೇ ನೋಡಲು ಬಂತು. ವಾಸನೆ ನೋಡಲು ಬರುವುದು ನಮ್ಮಲ್ಲಿ ಹೊಸದಲ್ಲ, ಆದರೆ ಹಿಂಬಾಗಿಲಿಗೆ ಅಲಂಕಾರ ಮಾಡಿಕೊಂಡು ಜನ ಬಂದದ್ದು ಅದೇ ಮೊದಲು. ಪಂಚಾಯಿತಿ ಅಧ್ಯಕ್ಷ, ಬಟ್ಟೆ ಅಂಗಡಿಯ ಪಂಪಣ್ಣ, ಕಣ್ಣು ಮುಚ್ಚಿ ನಿಂತು ಮೂಗಿನ ತುಂಬ ಎಳೆದುಕೊಂಡ. "ಆಹಾ! ಇದು ನಮ್ಮೂರಿನ ವಾಸನೆ ಅಂದ್ರೆ ಯಾರು ನಂಬ್ತಾರೆ?" ಎಂದ. ಪಂಚಾಯಿತಿಯಲ್ಲಿ ಯಾರೂ ಎದುರಾಡದೆ ಅದು ಒಳ್ಳೆಯ ವಾಸನೆ ಎಂದು ತೀರ್ಮಾನವಾಯಿತು. ಮೈಲಾರಿಯ ತಂಡವನ್ನು ತಿರುಳಿನ ಹಾಳೆಗಳನ್ನು ಲಾರಿಗೆ ತುಂಬುವ ಕೆಲಸಕ್ಕೆ ಹಾಕಿದರು. ಕೂಲಿ ಮೊದಲಿನಷ್ಟೇ.

"ಕೆಲ್ಸ ಹಗುರ ಆತಲ್ಲೋ ಮೈಲಾರಿ" ಎಂದೆ ನಾನು.

"ಹಗುರ ಆತು ಕೊಟ್ರಕ್ಕ. ಆದ್ರೆ ಗುಡ್ಡದ ಮ್ಯಾಲೆ ನಿಂತ್ರೆ ಬೆನ್ನಿಗೆ ಗಾಳಿ ಬಡೀತಿತ್ತು ನೋಡು. ಇಲ್ಲಿ ಬಡಿಯೋದು ಸೂಪರ್‌ವೈಸರ್ ಮಾತು."

ಒಳ್ಳೆಯ ವಾಸನೆಯನ್ನು ಯಾರೂ ಗುಡ್ಡಕ್ಕೆ ಹೊರುವುದಿಲ್ಲ. ಹೊರುವುದಕ್ಕೆ ಯಾರಿಗೂ ತೋಚಲೇ ಇಲ್ಲ. ಮಲ್ಲಿಗೆಯದಾಗಲಿ, ಹುರಿದ ಕಡಲೆಯದಾಗಲಿ, ಒಳ್ಳೆಯ ವಾಸನೆ ಅಷ್ಟು ದೊಡ್ಡದಾಗಿ ನಮ್ಮಲ್ಲಿ ಎಂದೂ ಹುಟ್ಟಿರಲಿಲ್ಲ. ಗೋಪುರ ಹಗಲೂ ಇರುಳೂ ಓಡುತ್ತಿತ್ತು. ವೆನಿಲಾದ ಮೇಲೆ ವೆನಿಲಾ ಕೂರುತ್ತಾ, ಗೋಡೆ ದಪ್ಪವಾಗುತ್ತಾ ನನ್ನ ಒಲೆಯವರೆಗೂ ಬಂತು.

ಮೊದಲು ನನ್ನ ಮಜ್ಜಿಗೆ ಹೋಯಿತು. ಗಿರಾಕಿಗಳು ಲಸ್ಸಿ ಎಂದುಕೊಂಡು ಖುಷಿಯಾಗಿ ಕುಡಿದರು. ಆಮೇಲೆ ಅನ್ನ. ಆಮೇಲೆ ಕಾಳುಪಲ್ಯ. ಒಲೆಯ ಮೇಲೆ ಸಾರು ಕುದಿಯುವಾಗ ಸುತ್ತಲಿನ ವೆನಿಲಾವನ್ನು ಎಳೆದುಕೊಳ್ಳುತ್ತಿತ್ತು. ಹುಣಸೆಹಣ್ಣು, ಮೆಣಸು, ಜೀರಿಗೆ ಎಷ್ಟು ಸುರಿದರೂ ಬಟ್ಟಲಿಗೆ ಬರುವಾಗ ಅದು ಬಿಸಿ ಪಾಯಸ. ಬಾಗಿಲಿಗೆ ಕಂಬಳಿ ಕಟ್ಟಿದೆ. ಒಂದೇ ದಿನದಲ್ಲಿ ಅದು ತುಂಬಿ, ಅದೇ ಇನ್ನೊಂದು ಗೋಡೆಯಾಗಿ ನಿಂತಿತು. ಅದನ್ನು ಗುಡ್ಡಕ್ಕೆ ಒಯ್ದು ಕೊಡವೋಣವೆಂದರೆ ಗಿರಣಿಯ ಸ್ವತ್ತು, ಕಳವಿನ ಮಾತು. ಗೇಟಿನ ಕಾವಲಿನವ ನನ್ನ ಹೆಗಲ ಮೇಲಿನ ಕಂಬಳಿ ನೋಡಿ, "ಕೊಟ್ರಕ್ಕ, ನನ್ನ ಕಣ್ಣಿಗೆ ಬೀಳಂಗೆ ಮಾಡಬ್ಯಾಡ" ಎಂದ.

ಖಾಸಿಂ ಸಾಬ ಒಂದು ಮಧ್ಯಾಹ್ನ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. "ತಪ್ಪು ತಿಳೀಬ್ಯಾಡಕ್ಕ. ನಿನ್ನ ಕೈ ಕೆಟ್ಟಿಲ್ಲ. ಆದ್ರೆ ದಿನಾ ಹುಟ್ಟಿದಬ್ಬದ ಕೇಕ್ ತಿಂದು ಲಾರಿ ಓಡ್ಸಾಕೆ ಆಗಲ್ಲ" ಎಂದು ಹೋದ. ಅವನ ಹಿಂದೆ ಉಳಿದ ಲಾರಿಯವರೂ ಹೋದರು. ಪಾಳಿಯವರು ಮನೆಯಿಂದ ಬುತ್ತಿ ತಂದು ಮುಂಬಾಗಿಲಲ್ಲಿ ತಿನ್ನತೊಡಗಿದರು. ಶ್ರಾವಣ ಬರುವ ಹೊತ್ತಿಗೆ ನನ್ನ ಬೆಂಚುಗಳಲ್ಲಿ ಬೆಕ್ಕು ಮಲಗುತ್ತಿತ್ತು. ಇನ್ನೊಂದು ಹಬ್ಬದವರೆಗೆ ಹೀಗೇ ನಡೆದರೆ ಒಲೆ ಆರಿಸಿ ಬೀಗ ಹಾಕುವುದೇ ಎಂದು ನನಗೆ ಖಚಿತವಾಯಿತು.

ಬಿಡದೆ ಬಂದ ಗಿರಾಕಿ ಸೆವರಿನ್ ಮೇಡಂ ಒಬ್ಬರೇ. ದಿನವಿಡೀ ಗೋಪುರದಲ್ಲಿದ್ದು ಅವರ ಮೂಗಿಗೆ ವೆನಿಲಾ ತಿಳಿಯುವುದೇ ನಿಂತುಹೋಗಿತ್ತು. "ಸಾರು ಚಂದ ಉಂಟು" ಎನ್ನುತ್ತಿದ್ದರು. ನನಗೆ ಅಳಬೇಕೋ ನಗಬೇಕೋ ತಿಳಿಯುತ್ತಿರಲಿಲ್ಲ. ಅವರದ್ದೂ ಒಂದು ಚಿಂತೆ ಇತ್ತು. ಲೆಕ್ಕದ ಪ್ರಕಾರ ಇಷ್ಟು ಲಿಗ್ನಿನ್ನಿಗೆ ಇಷ್ಟು ವೆನಿಲಾ ಬರಬೇಕು. ಬರುತ್ತಿದ್ದುದು ಅದಕ್ಕಿಂತ ಕಡಿಮೆ. ದೀಪಾವಳಿಯೊಳಗೆ ಲೆಕ್ಕ ಕೂಡದಿದ್ದರೆ ಗೋಪುರ ಬಿಚ್ಚಿ ಗುಜರಿಗೆ ಹಾಕುತ್ತೇವೆ ಎಂದು ಗಿರಣಿಯ ಮ್ಯಾನೇಜರು ಹೇಳಿದ್ದರಂತೆ. ಮೇಡಂ ಕೊಳವೆಗಳನ್ನೆಲ್ಲ ಬಿಚ್ಚಿ ನೋಡಿದರು, ಕವಾಟಗಳನ್ನು ಬದಲಾಯಿಸಿದರು, ತೊಟ್ಟಿಯ ತಳ ಕೆರೆದರು.

"ಎಲ್ಲೋ ಹೋಗ್ತಾ ಉಂಟು. ಎಲ್ಲಿಗೆ ಅಂತ ಗೊತ್ತಾಗ್ತಿಲ್ಲ" ಎಂದು ವೆನಿಲಾ ಸಾರು ಕಲಸಿದ ಅನ್ನವನ್ನು ಬಾಯಿಗಿಡುತ್ತಾ ಹೇಳಿದರು.

ನಾನು ನನ್ನ ಕಷ್ಟ ಹೇಳಿದೆ. ಪಂಚಾಯಿತಿಗೆ ಹೋಗುತ್ತೇನೆ, ಇದನ್ನು ಕೆಟ್ಟ ವಾಸನೆ ಎಂದು ತೀರ್ಮಾನ ಮಾಡಿಸುತ್ತೇನೆ ಎಂದೆ. ಅವರ ಕೈ ತಟ್ಟೆಯಲ್ಲೇ ನಿಂತಿತು.

"ಕೆಟ್ಟದ್ದು ಅಂತ ಆದ್ರೆ ಗಿರಣಿ ಮತ್ತೆ ಹೊರುವ ತಂಡ ಇಡ್ಬೇಕು. ಮ್ಯಾನೇಜರ್ ಈ ಗೋಪುರಕ್ಕೆ ಒಪ್ಪಿದ್ದೇ ಆ ತಂಡ ಬೇಡ ಅಂತ. ದೀಪಾವಳಿಯವರೆಗೂ ಕಾಯುವುದಿಲ್ಲ ಅವರು, ನಾಳೆಯೇ ಬಿಚ್ತಾರೆ."

"ನನ್ನ ಒಲೆ ನಾಳೆಯೇ ಆರಿದ್ರೆ?"

ಅವರು ಅನ್ನ ಬಿಟ್ಟು ಎದ್ದರು. ಕೈ ತೊಳೆದು ಹೋದರು. ಮರುದಿನ ಊಟಕ್ಕೂ ಬರಲಿಲ್ಲ. ಉಳಿದಿದ್ದ ಒಬ್ಬ ಗಿರಾಕಿಯೂ ಹೋದ ಹಾಗಾಯಿತು. ನಾನು ಪಂಚಾಯಿತಿಗೆ ಅರಿಕೆ ಮಾಡಿಕೊಂಡೆ.

ತಗಡಿನ ಚಪ್ಪರದಡಿ ಅವತ್ತು ಕಾಲಿಡಲು ಜಾಗವಿರಲಿಲ್ಲ. ಮೈಲಾರಿ ಸಾರಿನ ತಪ್ಪಲೆಯನ್ನು ಹೊತ್ತು ತಂದ. ನಾನು ರೊಟ್ಟಿಯ ಬುಟ್ಟಿ ಹಿಡಿದಿದ್ದೆ. ಮೇಡಂ ಒಂದು ಕಂಬಕ್ಕೆ ಒರಗಿ, ಕೈಕಟ್ಟಿ ನಿಂತಿದ್ದರು. ನನ್ನ ಕಡೆ ನೋಡಲಿಲ್ಲ.

ಪಂಪಣ್ಣ ಒಂದು ಲೋಟ ಸಾರು ಕುಡಿದ. ಮೀಸೆ ಒರೆಸಿಕೊಂಡ. "ಚೆನ್ನಾಗೈತಲ್ಲವ್ವಾ! ಇದಕ್ಕೆ ಏನು ತಕರಾರು ನಿಂದು?" ಎಂದು ಇನ್ನೊಂದು ಲೋಟ ಕೇಳಿದ. ಸಭೆ ನಕ್ಕಿತು.

ಹೆಂಗಸರ ಸಾಲಿನಲ್ಲಿ ಕುಳಿತಿದ್ದ ಪಂಪಣ್ಣನ ಹೆಂಡತಿ ಅಲ್ಲಿಂದಲೇ ಕೂಗಿದಳು. "ಚೆನ್ನಾಗೈತಾ? ಹಂಗಾದ್ರೆ ನಾಳೆಯಿಂದ ಮೂರು ಹೊತ್ತೂ ಅದ್ನೇ ಮಾಡಿ ಹಾಕ್ತೀನಿ. ಕೊಟ್ರಮ್ಮ, ಅವ್ರಿಗೆ ರೊಟ್ಟಿ ಮ್ಯಾಲೆ ಬೆಳ್ಳುಳ್ಳಿ ಖಾರ ಹಾಕಿ ಕೊಡವ್ವ."

ಬೆಳ್ಳುಳ್ಳಿ ಖಾರವೆಂದರೆ ಪಂಪಣ್ಣನಿಗೆ ಪ್ರಾಣ. ಅದು ಇಡೀ ಊರಿಗೆ ಗೊತ್ತು. ನಾನು ದೊಡ್ಡ ತುತ್ತಿಗಾಗುವಷ್ಟು ಹಚ್ಚಿ ಕೊಟ್ಟೆ. ಅವನು ಬಾಯಿಗಿಟ್ಟು ಅಗಿದ. ಅಗಿಯುವುದು ನಿಧಾನವಾಯಿತು. ಕಣ್ಣಲ್ಲಿ ಖಾರಕ್ಕೆ ನೀರು ಬಂತು, ಮುಖದಲ್ಲಿ ಮಾತ್ರ ಏನನ್ನೋ ಕಳೆದುಕೊಂಡವನ ಕಳೆ.

"ಬೆಳ್ಳುಳ್ಳಿ ಎಲ್ಲಿ ಹೋತು?" ಎಂದ.

"ಅದನ್ನೇ ನಾನೂ ಕೇಳಾಕೆ ಬಂದಿದ್ದು" ಎಂದೆ.

ರೊಟ್ಟಿಯ ಬುಟ್ಟಿ ಸಾಲಿನಿಂದ ಸಾಲಿಗೆ ಹೋಯಿತು. ಎಲ್ಲರೂ ಒಂದೊಂದು ಚೂರು ಮುರಿದು ಖಾರ ಹಚ್ಚಿ ತಿಂದರು. ನಮ್ಮವರು ಏನು ಬೇಕಾದರೂ ಬಿಟ್ಟಾರು, ಬೆಳ್ಳುಳ್ಳಿ ಬಿಡುವವರಲ್ಲ. ಕೈ ಎತ್ತಲು ಹೇಳಿದಾಗ ಕೈಗಳು ಕಾಡಿನ ಹಾಗೆ ಎದ್ದವು. ವೆನಿಲಾ ಕೆಟ್ಟ ವಾಸನೆ ಎಂದು ತೀರ್ಮಾನವಾಯಿತು. ಹುಟ್ಟಿಸಿದವರು ಅದನ್ನು ಅಂದೇ ಗುಡ್ಡ ದಾಟಿಸಬೇಕು. ಕಟ್ಟಳೆಯ ಪ್ರಕಾರ ದೂರು ಕೊಟ್ಟವರೂ ಜೊತೆಗೆ ನಡೆದು, ಕೊಡವುವಾಗ ಮೊದಲ ಕಂಬಳಿಯ ಇನ್ನೊಂದು ತುದಿ ಹಿಡಿಯಬೇಕು. ದೂರು ಅಲ್ಲಿಗೆ ಮುಗಿಯಿತು, ಮನಸ್ಸಿನಲ್ಲಿ ಏನೂ ಉಳಿದಿಲ್ಲ ಎಂಬುದಕ್ಕೆ ಹಿರಿಯರು ಮಾಡಿಟ್ಟ ಪದ್ಧತಿ.

ಗೆದ್ದಿದ್ದೆ. ಆದರೆ ಸಂತೆಪೇಟೆಯಿಂದ ಗಿರಣಿಯವರೆಗೆ ಮೇಡಂ ಹಿಂದೆ ನಡೆಯುವಾಗ ಗೆದ್ದವಳ ಹಾಗೆ ನನ್ನ ಹೆಜ್ಜೆ ಬೀಳಲಿಲ್ಲ. ಮ್ಯಾನೇಜರು ಹಿಂಬಾಗಿಲಲ್ಲೇ ನಿಂತಿದ್ದರು. "ಇವತ್ತಿನದು ಹೊತ್ತು ಹಾಕಿ. ನಾಳೆ ಯಂತ್ರ ನಿಲ್ಲಿಸೋಣ" ಎಂದಷ್ಟೇ ಮೇಡಂಗೆ ಹೇಳಿ ಒಳಗೆ ಹೋದರು.

ಮೈಲಾರಿಯ ತಂಡ ಕಂಬಳಿ ಬಿಚ್ಚಿತು. ತಿಂಗಳುಗಳ ವೆನಿಲಾ ಸುಮ್ಮನೆ ಬರಲಿಲ್ಲ. ಗಟ್ಟಿ ಬೆಲ್ಲ ಕೆತ್ತುವ ಹಾಗೆ ಕಂಬಳಿಯನ್ನು ಒತ್ತಿ ಎಳೆದು ಹಿಡಿಯಬೇಕಾಯಿತು. ಹೆಗಲಿಗೇರಿಸಿದ ಮೇಲೆ ಮೈಲಾರಿ ನಿಂತಲ್ಲೇ ತೂಗಿ ನೋಡಿದ.

"ಏನಿದು, ಎಲೆಕೋಸಿಗಿಂತ ಭಾರ ಐತಲ್ಲ!"

"ಕೆಲಸ ಬಿಟ್ಟು ತೂಕ ನೋಡ್ಬೇಡಿ" ಎಂದರು ಮೇಡಂ. ತಾವೂ ಒಂದು ಕಂಬಳಿ ಹೊತ್ತಿದ್ದರು. ಹುಟ್ಟಿಸಿದವಳು ನಾನು, ನಾನೂ ಹೊರುತ್ತೇನೆ ಎಂದು ಹಟ ಹಿಡಿದಿದ್ದರು.

ಗುಡ್ಡದ ದಾರಿ ಏರು. ಮಧ್ಯಾಹ್ನದ ಬಿಸಿಲು. ಮೇಡಂ ಅಲ್ಲಲ್ಲಿ ನಿಂತು ಏದುಸಿರು ಬಿಟ್ಟರು. ನಾನು ನೀರಿನ ಚೊಂಬು ಚಾಚಿದೆ, ತೆಗೆದುಕೊಳ್ಳಲಿಲ್ಲ. ಗಡಿಕಲ್ಲು ದಾಟಿದಾಗ ತಣ್ಣನೆಯ ಗಾಳಿ ಎದುರಿನಿಂದ ಬಂತು. ಮೈಲಾರಿ ಕಣ್ಣು ಮುಚ್ಚಿ ಬೆನ್ನು ತಿರುಗಿಸಿ ನಿಂತ. ಅವನ ಸುಖ ಅವನಿಗೆ.

ಮೇಡಂ ತಮ್ಮ ಕಂಬಳಿ ಬಿಚ್ಚಿ ಒಂದು ತುದಿ ಹಿಡಿದರು. ಇನ್ನೊಂದು ತುದಿ ನಾನು ಹಿಡಿದೆ. ಕರಿಯ ಉಣ್ಣೆ ನಮ್ಮಿಬ್ಬರ ನಡುವೆ ಹರಡಿಕೊಂಡಿತು. ಕೊಡವಲು ಕೈ ಎತ್ತಿದವಳು ಅಲ್ಲೇ ನಿಂತೆ. ಕಂಬಳಿಯ ಮೇಲೆ ಏನೋ ಮಿನುಗುತ್ತಿತ್ತು. ಒಂದೊಂದು ಎಳೆಗೂ ಸಣ್ಣ ಬಿಳಿ ಸೂಜಿಗಳು, ಮಾಗಿಯ ಬೆಳಿಗ್ಗೆ ಹುಲ್ಲಿನ ಮೇಲೆ ಮಂಜು ಕೂತ ಹಾಗೆ.

"ಮೇಡಂ, ಇದೇನು..."

ಅವರು ಆಗಲೇ ಬಗ್ಗಿದ್ದರು. ಬೆರಳಿನಿಂದ ಒಂದು ಸೂಜಿ ಕಿತ್ತು ನಾಲಿಗೆಯ ತುದಿಗೆ ಇಟ್ಟರು. ಹಿಂದೆ ಮೈಲಾರಿ ತನ್ನ ಕಂಬಳಿಯನ್ನು ತಲೆಯ ಮೇಲಕ್ಕೆ ಎತ್ತುತ್ತಿದ್ದ.

"ಕೊಡವ್ಬೇಡಿ!" ಮೇಡಂ ಕೂಗಿದ ರಭಸಕ್ಕೆ ಕುರಿ ಮೇಯಿಸುತ್ತಿದ್ದವರು ದೂರದಿಂದ ತಿರುಗಿ ನೋಡಿದರು. "ಯಾರೂ ಕೊಡವ್ಬೇಡಿ! ಮೈಲಾರಣ್ಣ, ಕೈ ಇಳಿಸಿ, ನಿಮ್ಮ ದಮ್ಮಯ್ಯ!"

"ಯಾಕವ್ವಾ? ಹಾವು ಐತಾ?"

"ನನ್ನ ಮಾಲು! ಇದು ನನ್ನ ಮಾಲು! ಕಡಿಮೆ ಬಿದ್ದದ್ದೆಲ್ಲ ಇಲ್ಲಿ ಉಂಟು!"

ಅವರು ನೆಲದ ಮೇಲೆ ಕುಳಿತುಬಿಟ್ಟರು. ನಗುತ್ತಿದ್ದರು, ಕಂಬಳಿಯನ್ನು ಮಾತ್ರ ಮಗುವಿನ ಹಾಗೆ ತೊಡೆಯ ಮೇಲೆ ಹಿಡಿದುಕೊಂಡಿದ್ದರು. ವಿಷಯ ಸರಳವಾಗಿತ್ತು. ಹರಳುಗಳನ್ನು ಒಣಗಿಸುವಾಗ ಒಂದಷ್ಟು ವೆನಿಲಾ ಆವಿಯಾಗಿ ಹೊರಗೆ ಹೋಗುತ್ತಿತ್ತು. ಬೇರೆ ಊರಿನಲ್ಲಿ ಅದು ಗಾಳಿಯ ಪಾಲು, ಹೋದದ್ದು ಹೋಯಿತು. ಹಾಗಾಗಿ ಹೊರಗಿನಿಂದ ಬಂದ ಮೇಡಂಗೆ ಅದನ್ನು ಹುಡುಕಬೇಕೆಂದು ಹೊಳೆಯಲಿಲ್ಲ. ನಮಗೋ, ವಾಸನೆ ಎಂದರೆ ಇಟ್ಟುಕೊಳ್ಳುವುದು ಅಥವಾ ಎಸೆಯುವುದು. ಅದನ್ನು ತೊಳೆದು ತೆಗೆಯಬಹುದೆಂದು ಯಾರಾದರೂ ಯಾಕೆ ಯೋಚಿಸುತ್ತಾರೆ?

"ಇಷ್ಟು ದಿನ ನಿಮ್ಮ ಸಾರಿನಲ್ಲಿ ನನ್ನ ಮಾಲೇ ತಿಂತಿದ್ದೆ ನಾನು" ಎಂದರು. ಆಮೇಲೆ ಕೈ ಚಾಚಿ, "ಆ ನೀರು ಕೊಡಿ ಕೊಟ್ರಮ್ಮ" ಎಂದರು.

ಕಂಬಳಿಗಳನ್ನು ಹೊತ್ತು ಇಳಿದೆವು. ಕೊಡವದ ಕಂಬಳಿ ಹೊತ್ತು ಗುಡ್ಡ ಇಳಿದವರನ್ನು ನಮ್ಮ ಊರು ಎಂದೂ ಕಂಡಿರಲಿಲ್ಲ. ಬೀದಿಯ ಜನ ಬಾಗಿಲಿಗೆ ಬಂದು ನೋಡಿದರು. "ಗುಡ್ಡ ತುಂಬೋತೇನ್ರೋ?" ಎಂದು ಒಬ್ಬ ಅಜ್ಜ ಕೇಳಿದ.

ಮೇಡಂ ಮೊದಲ ಕಂಬಳಿಯನ್ನು ಆ ಸಂಜೆಯೇ ಕಾಸ್ಟಿಕ್ ನೀರಿನಲ್ಲಿ ಅದ್ದಿದರು. ವೆನಿಲಾ ಕ್ಷಾರದ ನೀರಿಗೆ ಸಲೀಸಾಗಿ ಇಳಿಯುತ್ತದೆ, ನೋಡುತ್ತಿರಿ ಎಂದು ನಮ್ಮನ್ನೆಲ್ಲ ಸುತ್ತ ನಿಲ್ಲಿಸಿಕೊಂಡಿದ್ದರು. ನೀರು ಬಿಸಿಯಾಗಿತ್ತು. ನಾವು ನೋಡುತ್ತಿದ್ದಂತೆ ಕಂಬಳಿಯ ಅಂಚು ಸಡಿಲವಾಯಿತು, ನಡುವೆ ತೂತು ಬಿತ್ತು, ಆಮೇಲೆ ಕೋಲಿಗೆ ಸಿಕ್ಕಿದ್ದು ರಾಗಿ ಅಂಬಲಿಯಂಥ ಲೋಳೆ. ಅದು ಮೈಲಾರಿಯ ಕಂಬಳಿ, ಅವನ ಅಪ್ಪ ಹೊದೆಯುತ್ತಿದ್ದದ್ದು.

"ನಮ್ಮಪ್ಪನ ಕಂಬ್ಳಿ ಗಂಜಿ ಮಾಡಿದ್ರಲ್ಲವ್ವಾ!"

ಮೇಡಂ ಹಣೆ ಚಚ್ಚಿಕೊಂಡರು. "ಉಣ್ಣೆ ಅಂದ್ರೆ ಕೂದಲು! ಕಾಸ್ಟಿಕ್ಕಿಗೆ ಕೂದಲು ಕರಗ್ತದೆ. ಇದು ಪಿಯುಸಿ ಪಾಠ ಮಾರಾಯ್ರೆ, ಪಿಯುಸಿ! ಎಂಥ ದಡ್ಡಿ ನಾನು!"

"ದಡ್ಡಿ ಅಂತ ನೀವೇ ಅಂದ್ರಿ. ಮತ್ತೆ ನಾನು ಅಂದೆ ಅಂತ ಹೇಳಬ್ಯಾಡ್ರಿ" ಎಂದ ಮೈಲಾರಿ, ಲೋಳೆಯನ್ನು ದುಃಖದಿಂದ ನೋಡುತ್ತಾ. ಅವನಿಗೆ ಗಿರಣಿಯ ಲೆಕ್ಕದಲ್ಲಿ ಹೊಸ ಕಂಬಳಿ ಬಂತು. ಅದನ್ನು ಅವನು ಬಹಳ ದಿನ ಒಪ್ಪಿಕೊಳ್ಳಲಿಲ್ಲ, ಚುಚ್ಚುತ್ತದೆ ಎನ್ನುತ್ತಿದ್ದ.

ಎರಡನೆಯ ಸಲ ಅವರು ಗಂಧಕದ ಇನ್ನೊಂದು ಉಪ್ಪಿನ ನೀರು ಬಳಸಿದರು. ಉಣ್ಣೆಯನ್ನು ಬಿಳುಪು ಮಾಡುವುದಕ್ಕೆ ನೇಕಾರರು ಬಳಸುವಂಥದ್ದು. ಬೈಸಲ್ಫೈಟ್ ಎಂದು ಹೆಸರು. ವೆನಿಲಾ ಆ ಉಪ್ಪನ್ನು ಕಚ್ಚಿಕೊಂಡು ನೀರಿಗಿಳಿಯಿತು, ಕಂಬಳಿ ಇಡಿಯಾಗಿ ಮೇಲೆ ಬಂತು. ಬಣ್ಣ ಮಾತ್ರ ಕಪ್ಪು ಹೋಗಿ ತುಕ್ಕಿನ ಕೆಂಪಾಯಿತು. ಆ ನೀರಿಗೆ ಆಮ್ಲ ಹಾಕಿದಾಗ ವೆನಿಲಾ ಮತ್ತೆ ಹರಳುಗಟ್ಟಿತು. ಆದರೆ ಹಳೆಯ ಕಂಬಳಿಗಳಿಂದ ತೆಗೆದ ವೆನಿಲಾಕ್ಕೆ ತುಸು ಎಲೆಕೋಸಿನ ನೆನಪಿತ್ತು. ಅದನ್ನು ಕೊಳ್ಳುವವರು ಯಾರು? ಅದನ್ನು ಬದಿಗಿಟ್ಟು, ಹೊಸ ಉಣ್ಣೆಯಲ್ಲಿ ಹೊಸದಾಗಿ ಶುರುಮಾಡಿದರು. ಯಂತ್ರ ನಿಲ್ಲಿಸುವ ಮಾತನ್ನು ಮ್ಯಾನೇಜರು ದೀಪಾವಳಿಯವರೆಗೆ ಮುಂದಕ್ಕೆ ಹಾಕಿದರು. ದೀಪಾವಳಿಗೆ ಲೆಕ್ಕ ಕೂಡಿತು. ಆಮೇಲೆ ಅವರು ಆ ಮಾತೆತ್ತಲಿಲ್ಲ. ಮೈಲಾರಿಯ ತಂಡ ಲಾರಿ ತುಂಬುವುದು ಬಿಟ್ಟು ಮತ್ತೆ ಕಂಬಳಿ ಹಿಡಿಯಿತು. ಈಗ ಗುಡ್ಡಕ್ಕಲ್ಲ, ತೊಟ್ಟಿಗೆ. ವಾಸನೆ ಅದೇ ದಿನ ಜಾಗ ಬಿಟ್ಟರೆ ಸಾಕು ಎಂದು ಪಂಚಾಯಿತಿಯೂ ಒಪ್ಪಿತು. ಗಾಳಿ ಬೇಕೆನಿಸಿದಾಗ ತಂಡದವರು ಒಣಗಿಸುವ ನೆಪದಲ್ಲಿ ಒದ್ದೆ ಕಂಬಳಿಗಳನ್ನು ಗುಡ್ಡದ ಮೇಲೆ ಹರವಿ ಬರುತ್ತಾರೆ.

ಇಷ್ಟಾದ ಮೇಲೆ ಪಂಪಣ್ಣ ಒಂದು ಉಪಾಯ ತಂದ. ಇಷ್ಟು ಬೆಲೆಬಾಳುವ ವಾಸನೆಯನ್ನು ಕೆಟ್ಟದ್ದರ ಸಾಲಿನಲ್ಲಿ ಇಡುವುದು ಊರಿಗೆ ಮರ್ಯಾದೆಯಲ್ಲ, ಮತ್ತೆ ಪಂಚಾಯಿತಿ ಸೇರಿಸಿ ಒಳ್ಳೆಯದೆಂದು ತಿದ್ದೋಣ ಎಂದ. ನಾನು ಒಪ್ಪಲಿಲ್ಲ. ಒಳ್ಳೆಯದು ಎಂದಾದರೆ ಅದನ್ನು ಅದೇ ದಿನ ಹೊರಬೇಕೆಂಬ ಕಟ್ಟಳೆ ಬಿದ್ದುಹೋಗುತ್ತದೆ. ಇವತ್ತು ಮೇಡಂ ಇದ್ದಾರೆ, ಹೊರಿಸುತ್ತಾರೆ. ನಾಳೆ ಬಂದವರು ಸೋಮಾರಿತನ ಮಾಡಿದರೆ ನನ್ನ ಸಾರಿನ ಗತಿಯೇನು?

ಪಂಪಣ್ಣ ಮೇಡಂ ಕಡೆ ತಿರುಗಿದ. "ನಿಮ್ಮ ಮಾಲಿಗೆ ಕೆಟ್ಟ ಹೆಸರು. ನೀವಾದ್ರೂ ಹೇಳ್ರಿ."

"ಕೆಟ್ಟದ್ದೇ ಇರಲಿ" ಎಂದರು ಮೇಡಂ. "ಒಳ್ಳೆಯದು ಅಂದ ತಕ್ಷಣ ನೀವು ಎಲ್ಲರೂ ಸೇರಿ ಅದನ್ನು ಮರ್ತುಬಿಡ್ತೀರಿ."

ಹಾಗೆ ನಮ್ಮ ಊರಿನ ಕೆಟ್ಟ ವಾಸನೆಗಳ ಸಾಲಿನಲ್ಲಿ ಸತ್ತ ಇಲಿ, ಚರಂಡಿ, ಸುಟ್ಟ ಟೈರುಗಳ ಜೊತೆಗೆ ವೆನಿಲಾ ಇಂದಿಗೂ ಇದೆ.

ಗಿರಾಕಿಗಳು ಒಮ್ಮೆಲೇ ಬರಲಿಲ್ಲ. ಬಾಯಿ ಕೆಟ್ಟವರು ಬೇಗ ನಂಬುವುದಿಲ್ಲ. ಮೊದಲು ಗೇಟಿನ ಕಾವಲಿನವ ಬಂದ, ಬಾಗಿಲಲ್ಲೇ ನಿಂತು ಮೂಗಾಡಿಸಿ, ಒಳಗೆ ಬಂದ. ಆಮೇಲೆ ಪಾಳಿಯವರು ಒಬ್ಬೊಬ್ಬರಾಗಿ. ಬೆಕ್ಕು ಬೆಂಚು ಬಿಟ್ಟು ಕಟ್ಟೆಗೆ ಹೋಯಿತು. ಲಾರಿಯವರು ಮಾತ್ರ ಎದುರಿನ ರಸ್ತೆಯಲ್ಲಿ ಹಾರ್ನ್ ಹೊಡೆದು ನಕ್ಕು ಮುಂದಕ್ಕೆ ಹೋಗುತ್ತಿದ್ದರು. ನಾನು ಸೌಟು ಎತ್ತಿ ತೋರಿಸುತ್ತಿದ್ದೆ.

ಕಾರ್ತಿಕ ಮುಗಿಯುತ್ತಾ ಬಂದಾಗ ಒಂದು ಮಧ್ಯಾಹ್ನ ಖಾಸಿಂ ಸಾಬನ ಲಾರಿ ನಿಂತಿತು. ಅವನು ಇಳಿದು ಬಂದು ತನ್ನ ಹಳೆಯ ಜಾಗದಲ್ಲಲ್ಲ, ಬಾಗಿಲಿಗೆ ಹತ್ತಿರದ ಬೆಂಚಿನಲ್ಲಿ ಕುಳಿತ. ಬೇಕಾದರೆ ಎದ್ದು ಓಡಲು ಅನುಕೂಲ ಎಂದು ಕಾಣುತ್ತದೆ. ತಟ್ಟೆ ಇಟ್ಟೆ. ಆಚೆ ಬೆಂಚಿನಲ್ಲಿ ಮೇಡಂ ಉಣ್ಣುವುದು ನಿಲ್ಲಿಸಿ ಅವನನ್ನೇ ನೋಡುತ್ತಿದ್ದರು. ಮೈಲಾರಿಯೂ ನೋಡುತ್ತಿದ್ದ. ಖಾಸಿಂ ಸಾಬ ರೊಟ್ಟಿ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟ. ಅಗಿದ. ಇನ್ನೊಂದು ತುತ್ತು ತಿಂದ. ಆಮೇಲೆ ತಟ್ಟೆಯನ್ನು ಮುಂದಕ್ಕೆ ಸರಿಸಿದ.

"ಏನಕ್ಕ ಇದು? ಅಷ್ಟು ದಿನ ಬಿಟ್ಟು ಬಂದೀನಿ, ಸಾರಿಗೆ ಉಪ್ಪೇ ಹಾಕಿಲ್ಲಲ್ಲ ನೀನು!"

ನಾನು ಸೌಟಿನಲ್ಲಿ ಸ್ವಲ್ಪ ತೆಗೆದು ಅಂಗೈಗೆ ಹಾಕಿಕೊಂಡು ನೆಕ್ಕಿದೆ. ಹುಣಸೆಹಣ್ಣಿನ ಹುಳಿ ಇತ್ತು, ಮೆಣಸಿನ ಖಾರ ಇತ್ತು, ಬೆಳ್ಳುಳ್ಳಿ ಇತ್ತು. ಉಪ್ಪು ನಿಜಕ್ಕೂ ಇರಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಉಪ್ಪಿನ ಡಬ್ಬಿ ತರಲು ಒಳಗೆ ಹೋದೆ.